ನೋಯುವ ಮಂಡಿ, ಬಗ್ಗದ ಪಾದ

2021ರ ಏಪ್ರಿಲ್‌ನಲ್ಲಿ ತಾಷ್ಕೆಂಟಿನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಕ್ಲೀನ್ ಅಂಡ್ ಜರ್ಕ್‌ನಲ್ಲಿ 119 ಕೆ.ಜಿ. ಎತ್ತಿ ವಿಶ್ವದಾಖಲೆ ಬರೆದರು. ಅದೇ ದಿನ ಸ್ನ್ಯಾಚ್‌ನಲ್ಲಿ ಅವರಿಗೆ ದಕ್ಕಿದ್ದು 86 ಮಾತ್ರ. ಜರ್ಕ್‌ನ ಶೇ 80ರ ಆಸುಪಾಸಿನಷ್ಟಾದರೂ ಸ್ನ್ಯಾಚ್‌ನಲ್ಲಿ ಬರಬೇಕೆಂಬುದು ತರಬೇತುದಾರರ ರೂಢಿಯ ಲೆಕ್ಕ. ಚಾನು ಅವರದು ಶೇ 72. ಬಲಕ್ಕೇನೂ ಕೊರತೆಯಿರಲಿಲ್ಲ, ಅಡ್ಡಿಯಾಗಿದ್ದು ನೋವು. ಬೆನ್ನುನೋವಿನಿಂದ 2018ರ ಏಷ್ಯನ್ ಕ್ರೀಡಾಕೂಟ ಕೈತಪ್ಪಿತ್ತು, ಭುಜದ ತೊಂದರೆಯೂ ಬಿಡದೆ ಕಾಡುತ್ತಿತ್ತು. ಅದಕ್ಕೆಂದೇ 2020ರಲ್ಲಿ ಅಮೆರಿಕದ ಸೇಂಟ್ ಲೂಯಿಗೆ ಹೋಗಿ, ತಾವೂ ಭಾರ ಎತ್ತಿದ ಅನುಭವವುಳ್ಳ ಫಿಸಿಯೋಥೆರಪಿಸ್ಟ್ ಆರನ್ ಹಾರ್ಷಿಗ್ ಬಳಿ ಚಿಕಿತ್ಸೆ ಪಡೆದಿದ್ದರು. 2021ರ ಜುಲೈನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 87 ಮತ್ತು 115, ಒಟ್ಟು 202 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು.

ಸ್ನ್ಯಾಚ್ ಎಂದರೆ ನೆಲದ ಮೇಲಿನ ಭಾರವನ್ನು ಒಂದೇ ಏಟಿಗೆ ಎತ್ತಿ, ಕುಕ್ಕರಗಾಲಲ್ಲಿ ಕೂತು, ಅಗಲಿಸಿದ ಕೈಗಳಲ್ಲಿ ತಲೆಯ ಮೇಲೆ ಹಿಡಿದು ಏಳುವುದು. ಪಾದದ ಗಂಟು, ಸೊಂಟದ ಕೀಲು, ಬೆನ್ನಿನ ಮೇಲ್ಭಾಗ, ಭುಜ ಎಲ್ಲವೂ ಒಟ್ಟಿಗೆ ಬಗ್ಗಿಕೊಡಬೇಕು. ಇವುಗಳಲ್ಲಿ ಒಂದು ಹಟ ಹಿಡಿದರೆ ಅದರ ಪಾಲಿನ ಹೊರೆ ಪಕ್ಕದ ಕೀಲಿನ ಮೇಲೆ ಬೀಳುತ್ತದೆ. ನೋವು ಕೂಗುವುದು ಪಕ್ಕದ್ದರಿಂದ, ತಪ್ಪು ಮಾಡಿದ್ದು ಸುಮ್ಮನೆ ಕೂತಿರುತ್ತದೆ.

ನಮ್ಮ ಬಡಾವಣೆಯ ಜಿಮ್‌ಗೆ ಬರುವ ಹುಡುಗನೊಬ್ಬ ತಿಂಗಳುಗಟ್ಟಲೆ ಬಲಮಂಡಿಗೆ ನೀ ಕ್ಯಾಪ್ ಬಿಗಿದುಕೊಂಡು, ಮುಲಾಮು ತಿಕ್ಕಿಕೊಂಡು ಸ್ಕ್ವಾಟ್ ಮಾಡುತ್ತಿದ್ದ. ಕೋಚ್ ಒಂದು ದಿನ ಅವನ ಬೂಟು ಬಿಚ್ಚಿಸಿ, ಹೆಬ್ಬೆರಳನ್ನು ಗೋಡೆಯಿಂದ ಒಂದು ಅಂಗೈಯಷ್ಟು ದೂರ ಇಡಿಸಿ, "ಹಿಮ್ಮಡಿ ಎತ್ತದೆ ಮಂಡಿಯಿಂದ ಗೋಡೆ ಮುಟ್ಟು" ಅಂದರು. ಎಡಗಾಲು ಮುಟ್ಟಿತು. ಬಲಗಾಲಿನ ಹಿಮ್ಮಡಿ ಅರ್ಧದಲ್ಲೇ ಎದ್ದುಬಿಟ್ಟಿತು. "ಎರಡು ವರ್ಷದ ಹಿಂದೆ ಈ ಕಾಲು ಉಳುಕಿತ್ತು ಸರ್" ಎಂದು ಆಗ ನೆನಪಿಸಿಕೊಂಡ. ಪಾದ ಬಗ್ಗದ್ದಕ್ಕೆ ಮಂಡಿ ಒಳಕ್ಕೆ ವಾಲುತ್ತಿತ್ತು. ಇಷ್ಟು ದಿನ ಯಾರೂ ಪಾದದ ಕಡೆ ನೋಡಿರಲಿಲ್ಲವಲ್ಲ ಎಂದು ನನಗೆ ಸಂಕಟವಾಯಿತು.

ಹಿಂದೆ ಗರಡಿಯಲ್ಲಿ ಬಸ್ಕಿ ಹೊಡೆದು ಗದೆ ತಿರುಗಿಸುತ್ತಿದ್ದವರ ಕೀಲುಗಳಿಗೆ ಪೂರ್ತಿ ಸುತ್ತುವ ಅಭ್ಯಾಸವಿತ್ತು. ಕುರ್ಚಿಯಲ್ಲೇ ಬೆಳೆದ ಮೈ ನೇರ ರಾಡ್‌ನಡಿ ನಿಂತರೆ ಆ ಅಭ್ಯಾಸ ಎಲ್ಲಿಂದ ಬರಬೇಕು?

ಇನ್ನೊಂದು ಸಂಗತಿಯನ್ನು ಎಳೆಯರು ತಿಳಿಯಲೇಬೇಕು. ಸ್ನಾಯು ವಾರಗಳಲ್ಲಿ ಬಲಿಯುತ್ತದೆ. ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿಗೆ ರಕ್ತದ ಪೂರೈಕೆ ಕಡಿಮೆ, ಅದು ಬಲಿಯಲು ತಿಂಗಳುಗಳೇ ಬೇಕು. ಮೈಯಲ್ಲಿ ಬಲ ಬಂತೆಂದು ಪ್ಲೇಟ್ ಏರಿಸುತ್ತ ಹೋದರೆ ರಜ್ಜು ಹಿಂದೆಬೀಳುತ್ತದೆ. ಹಾಗೆಂದು ಪೂರ್ತಿ ಮಲಗಿಬಿಟ್ಟರೂ ಅದು ಇನ್ನಷ್ಟು ಸೊರಗುತ್ತದೆ. ಭಾರ ಇಳಿಸಿ, ನಿಧಾನವಾಗಿ ಕೂತು, ಅಲ್ಲೇ ಕೆಲವು ಕ್ಷಣ ತಡೆದು ಏಳಬೇಕು. ಸಣ್ಣ ನೋವು ಮರುದಿನ ಬೆಳಗಿಗೆ ಇಳಿದಿದ್ದರೆ ಮುಂದುವರಿಯಬಹುದು. ಕೀಲು ಊದಿಕೊಂಡರೆ, ಸಿಕ್ಕಿಕೊಂಡರೆ, ರಾತ್ರಿ ನಿದ್ದೆಗೆಡಿಸಿದರೆ ಮಾತ್ರ ತಡಮಾಡದೆ ಮೂಳೆ ವೈದ್ಯರಿಗೆ ತೋರಿಸಬೇಕು.

ಆ ಹುಡುಗ ಈಗ ಬಂದವನೇ ಬೂಟು ಬಿಚ್ಚಿ ಗೋಡೆಯ ಹತ್ತಿರ ಹೋಗುತ್ತಾನೆ. ಬಲಹಿಮ್ಮಡಿ ಇನ್ನೂ ಒಂದು ಬೆರಳಿನಷ್ಟು ಏಳುತ್ತದೆ. ರಾಡ್‌ನಲ್ಲಿ ಸದ್ಯಕ್ಕೆ 40 ಕೆ.ಜಿ.