ಬಿದ್ದ ಯಂತ್ರವನ್ನು ಎಬ್ಬಿಸುವವರು ಯಾರು?

2024ನೆಯ ಇಸವಿಯ ಜುಲೈ 19, ಶುಕ್ರವಾರ. ಮುಂಬಯಿಯ ನಮ್ಮ ಹೊಟೇಲುಗಳಲ್ಲಿ ಬೆಳಗಿನ ತಿಂಡಿಯ ನೂಕುನುಗ್ಗಲು ಇಳಿಮುಖವಾಗುತ್ತಿದ್ದ, ಗುಮಾಸ್ತ ಬಂಧುಗಳು ಲೋಕಲ್ ಗಾಡಿಗಳಲ್ಲಿ ಕಚೇರಿಯ ದಾರಿ ಹಿಡಿದಿದ್ದ ಹೊತ್ತು. ಗಡಿಯಾರ 9 ಗಂಟೆ 39 ನಿಮಿಷ ತೋರಿಸುತ್ತಿದ್ದಾಗ ಅಮೆರಿಕದ ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯು ಜಗತ್ತಿನಾದ್ಯಂತ ಇರುವ ತನ್ನ ಗಿರಾಕಿಗಳ ಗಣಕಯಂತ್ರಗಳಿಗೆ ಒಂದು ಸಣ್ಣ ಕಡತವನ್ನು ರವಾನಿಸಿತು. ಯಂತ್ರಗಳನ್ನು ಕಳ್ಳರಿಂದ ಕಾಯುವುದೇ ಈ ಸಂಸ್ಥೆಯ ಉದ್ಯೋಗ. ಕಡತವನ್ನು ಸ್ವೀಕರಿಸಿದ ಯಂತ್ರಗಳು ಒಂದೊಂದಾಗಿ ನೀಲಿ ಪರದೆಯನ್ನು ತೋರಿಸಿ ಸ್ತಬ್ಧವಾದವು. ದಿಲ್ಲಿ, ಮುಂಬಯಿ, ಹೈದರಾಬಾದು, ಬೆಂಗಳೂರುಗಳ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಸಾಲು ಬೆಳೆಯಿತು. ಬೋರ್ಡಿಂಗ್ ಪಾಸುಗಳನ್ನು ಕೈಯಿಂದ ಬರೆದು ಕೊಡಬೇಕಾದ ಪ್ರಸಂಗ ಒದಗಿತು. ಇಂಗ್ಲೆಂಡಿನಲ್ಲಿ ಸ್ಕೈ ನ್ಯೂಸ್ ವಾರ್ತಾವಾಹಿನಿಯು ಕೆಲಕಾಲ ಮೂಕವಾಯಿತು. ಅಲ್ಲಿನ ವೈದ್ಯರಿಗೆ ತಮ್ಮ ರೋಗಿಗಳ ದಾಖಲೆಗಳೇ ಕಾಣಿಸದಾದವು. ಒಟ್ಟು 85 ಲಕ್ಷ ಯಂತ್ರಗಳು ಹೀಗೆ ಕೆಟ್ಟುನಿಂತವೆಂದು ಮೈಕ್ರೋಸಾಫ್ಟ್ ಸಂಸ್ಥೆ ಅಂದಾಜು ಮಾಡಿತು. ಜಗತ್ತಿನಲ್ಲಿರುವ ವಿಂಡೋಸ್ ಯಂತ್ರಗಳ ಪೈಕಿ ಇದು ನೂರಕ್ಕೆ ಒಂದು ಭಾಗಕ್ಕಿಂತಲೂ ಕಡಿಮೆ!

ಈ ಘಟನೆಯನ್ನು ಕುರಿತು ಆಗಲೇ ಬೇಕಾದಷ್ಟು ಬರೆದಾಗಿದೆ. ಆದರೆ ಅದರೊಳಗಿನ ಎರಡು ಅಂಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವರು ವಿರಳ. ತಪ್ಪನ್ನು ಕಂಡುಕೊಂಡ ಕ್ರೌಡ್‌ಸ್ಟ್ರೈಕ್ ಸಂಸ್ಥೆಯು ಆ ಕಡತವನ್ನು ಹಿಂತೆಗೆದುಕೊಂಡದ್ದು 10 ಗಂಟೆ 57 ನಿಮಿಷಕ್ಕೆ, ಅಂದರೆ ಕೇವಲ 78 ನಿಮಿಷಗಳಲ್ಲಿ. ತನ್ನ ತಂತ್ರಾಂಶವಿರುವ ವಿಂಡೋಸ್ ಯಂತ್ರಗಳ ಪೈಕಿ ನೂರಕ್ಕೆ ಸರಿಸುಮಾರು 99 ಪಾಲು ಮತ್ತೆ ಕೆಲಸ ಮಾಡುತ್ತಿವೆಯೆಂದು ಆ ಸಂಸ್ಥೆ ಹೇಳಲು ಸಾಧ್ಯವಾದದ್ದು ಜುಲೈ 29ರಂದು. ತಪ್ಪನ್ನು ತಿದ್ದಲು ಎಪ್ಪತ್ತೆಂಟು ನಿಮಿಷ, ತಪ್ಪಿನಿಂದ ಚೇತರಿಸಿಕೊಳ್ಳಲು ಹತ್ತು ದಿನ! ಈ ಅಂತರದಲ್ಲಿಯೇ ನಮ್ಮ ವಿಚಾರಕ್ಕೆ ಯೋಗ್ಯವಾದ ಸಂಗತಿ ಅಡಗಿದೆ.

ಗಣಕಯಂತ್ರದ ಒಳಗೆ ಎಲ್ಲ ಕೆಲಸಗಳನ್ನೂ ಹಂಚಿ ನಡೆಸುವ ಯಜಮಾನನೊಬ್ಬನಿದ್ದಾನೆ. ಆಪರೇಟಿಂಗ್ ಸಿಸ್ಟಮ್ ಎಂದು ಅವನಿಗೆ ಹೆಸರು, ವಿಂಡೋಸ್ ಅಂಥವರಲ್ಲೊಬ್ಬ. ಅವನಿಗೊಂದು ಒಳಮನೆಯುಂಟು. ಕರ್ನೆಲ್ ಎಂದು ಕರೆಯಲ್ಪಡುವ ಈ ಒಳಮನೆಯನ್ನು ಹೊಟೇಲಿನ ಒಲೆಯ ಮನೆಗೆ ಹೋಲಿಸಬಹುದು. ಮುಂಭಾಗದಲ್ಲಿ ಒಬ್ಬ ಸಪ್ಲೈಯರನು ಜಾರಿ ಬಿದ್ದರೆ ಒಂದು ಮೇಜಿನ ಕಾಫಿ ಚೆಲ್ಲೀತು, ಮಿಕ್ಕ ಮೇಜುಗಳ ಊಟ ನಡೆದೇ ಇರುತ್ತದೆ. ಒಲೆಯ ಬುಡದಲ್ಲಿ ಅನಾಹುತವಾದರೆ ಇಡೀ ಹೊಟೇಲನ್ನೇ ಮುಚ್ಚಬೇಕು. ಒಳಮನೆಯಲ್ಲಿ ತಪ್ಪು ಘಟಿಸಿದೊಡನೆ ವಿಂಡೋಸ್ ತನ್ನ ಎಲ್ಲ ಕೆಲಸವನ್ನೂ ಬೇಕೆಂದೇ ನಿಲ್ಲಿಸಿಬಿಡುತ್ತದೆ. ಲೆಕ್ಕಪತ್ರಗಳು ಹಾಳಾಗುವುದಕ್ಕಿಂತ ಬಾಗಿಲು ಹಾಕುವುದೇ ಲೇಸೆಂಬುದು ಅದರ ನ್ಯಾಯ. ನೀಲಿ ಪರದೆಯ ಅರ್ಥ ಇಷ್ಟೇ.

ಹಾಗಿರುವಾಗ ಹೊರಗಿನ ಕಾವಲುಗಾರನು ಒಲೆಯ ಮನೆಯನ್ನು ಹೊಕ್ಕದ್ದಾದರೂ ಏಕೆ? ಕಳ್ಳನು ಅಲ್ಲಿಯ ತನಕ ನುಸುಳಬಲ್ಲನಾದ್ದರಿಂದ ಕಾವಲೂ ಅಲ್ಲಿಯೇ ಇರಬೇಕೆಂಬುದು ರಕ್ಷಣಾ ಸಂಸ್ಥೆಗಳ ಉತ್ತರ. ಈ ಉತ್ತರದಲ್ಲಿ ಸತ್ಯಾಂಶವಿಲ್ಲದಿಲ್ಲ. 2009ರಲ್ಲಿ ಯುರೋಪಿನ ಆಯೋಗಕ್ಕೆ ತಾನು ಕೊಟ್ಟ ವಚನದ ಪ್ರಕಾರ, ತನ್ನ ಕಾವಲಿಗೆ ಇರುವ ಪ್ರವೇಶವನ್ನೇ ಇತರರಿಗೂ ಕೊಡಬೇಕಾಗಿ ಬಂದಿದೆಯೆಂದು ಮೈಕ್ರೋಸಾಫ್ಟ್ ತನ್ನ ಪರವಾಗಿ ವಾದಿಸಿತು. ನಮಗೆ ಈ ವಾದ ಅರ್ಧ ಮಾತ್ರ ಒಪ್ಪಿಗೆಯಾಗುತ್ತದೆ. ಎಲ್ಲರನ್ನೂ ಒಳಗೆ ಬಿಡುವುದರಿಂದ ಸಮಾನತೆ ಸಾಧಿಸುವಂತೆ, ತನ್ನವರನ್ನೂ ಸೇರಿಸಿ ಎಲ್ಲರನ್ನೂ ಹೊರಗೆ ನಿಲ್ಲಿಸುವುದರಿಂದಲೂ ಅದನ್ನು ಸಾಧಿಸಬಹುದಷ್ಟೆ. ಆ್ಯಪಲ್ ಸಂಸ್ಥೆಯು ತನ್ನ ಮ್ಯಾಕ್ ಯಂತ್ರಗಳಲ್ಲಿ ಈ ದಾರಿಯನ್ನು 2019ರಿಂದಲೇ ಹಿಡಿಯಿತು.

ತಪ್ಪು ಎಷ್ಟು ಸಣ್ಣದಿತ್ತೆಂಬುದನ್ನು ಗುಮಾಸ್ತ ವೃತ್ತಿಯವರು ಚೆನ್ನಾಗಿ ಗ್ರಹಿಸಬಲ್ಲರು. ಆಗಸ್ಟ್ 6ರಂದು ಪ್ರಕಟವಾದ ವರದಿಯಲ್ಲಿ ಕ್ರೌಡ್‌ಸ್ಟ್ರೈಕ್ ಸಂಸ್ಥೆಯೇ ಒಪ್ಪಿಕೊಂಡಂತೆ, ಒಂದು ನಮೂನೆಯಲ್ಲಿ 21 ಕಾಲಮುಗಳಿದ್ದವು. ಯಂತ್ರದೊಳಗಿನ ತಂತ್ರಾಂಶವು ತುಂಬಿಕೊಡುತ್ತಿದ್ದದ್ದು 20 ಮಾತ್ರ. ಇಪ್ಪತ್ತೊಂದನೆಯದನ್ನು ಓದಲು ಹೋದ ಯಂತ್ರವು ಇಲ್ಲದ ಪುಟವನ್ನು ಮಗುಚಿ ನೋಡಿದಂತಾಗಿ ಕುಸಿಯಿತು. ಅಲ್ಲಿಯ ತನಕ ನಡೆದಿದ್ದ ಪರೀಕ್ಷೆಗಳಲ್ಲಿ ಆ ಕೊನೆಯ ಕಾಲಮಿಗೆ ‘ಏನಿದ್ದರೂ ಸರಿ’ ಎಂಬ ಗುರುತು ಹಾಕಿದ್ದುದರಿಂದ ದೋಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇಂಥ ತಪ್ಪು ಮನುಷ್ಯಮಾತ್ರರಿಂದ ಆಗತಕ್ಕದ್ದೇ. ಆದರೆ ಕಾವಲಿಯ ಮೇಲೆ ಹುಯ್ದ ಮೊದಲ ದೋಸೆಯನ್ನು ನೋಡಿದ ಮೇಲಲ್ಲದೆ ಮಿಕ್ಕ ಹಿಟ್ಟಿಗೆ ಕೈಹಾಕದ ಅಡಿಗೆಯವರಿಗಿರುವಷ್ಟು ಎಚ್ಚರವೂ ಇಲ್ಲದೆ, ಎಲ್ಲ ಗಿರಾಕಿಗಳಿಗೂ ಒಂದೇ ಗಳಿಗೆಯಲ್ಲಿ ಕಡತವನ್ನು ಬಡಿಸಿದ್ದು ಮಾತ್ರ ಅಕ್ಷಮ್ಯ. ಇನ್ನು ಮುಂದೆ ಹಂತಹಂತವಾಗಿ ಕಳುಹಿಸುವುದಾಗಿಯೂ, ಯಾವಾಗ ಸ್ವೀಕರಿಸಬೇಕೆಂಬುದನ್ನು ಗಿರಾಕಿಗಳೇ ನಿರ್ಧರಿಸಲು ಅವಕಾಶ ಕೊಡುವುದಾಗಿಯೂ ಸಂಸ್ಥೆ ಆಮೇಲೆ ಪ್ರಕಟಿಸಿತು. ಅದರ ಹಿರಿಯ ಅಧಿಕಾರಿಯೊಬ್ಬರು ಸೆಪ್ಟೆಂಬರ್ 24ರಂದು ಅಮೆರಿಕದ ಪ್ರತಿನಿಧಿ ಸಭೆಯ ಉಪಸಮಿತಿಯ ಮುಂದೆ ಕ್ಷಮೆಯನ್ನೂ ಕೋರಿದರು.

ಈಗ ಆ ಹತ್ತು ದಿನಗಳ ಮಾತಿಗೆ ಬರೋಣ. ಯಂತ್ರವು ಪೂರ್ಣವಾಗಿ ಎದ್ದು ನಿಂತರಲ್ಲದೆ ದೂರದಿಂದ ಬಂದ ಪರಿಹಾರವನ್ನು ಸ್ವೀಕರಿಸಲಾರದು. ಕೆಟ್ಟ ಕಡತವಿರುವ ತನಕ ಅದು ಏಳಲಾರದು. ಆದುದರಿಂದ ಅನೇಕ ಯಂತ್ರಗಳ ಮುಂದೆ ಮನುಷ್ಯನೊಬ್ಬ ಹೋಗಿ ಕುಳಿತುಕೊಳ್ಳಬೇಕಾಯಿತು. ಸೇಫ್ ಮೋಡ್ ಎಂಬ ಮಿತವಾದ ಸ್ಥಿತಿಯಲ್ಲಿ ಅದನ್ನು ಎಬ್ಬಿಸಿ, ಆ ಒಂದು ಕಡತವನ್ನು ಹುಡುಕಿ ಅಳಿಸಿ, ಮತ್ತೆ ಚಾಲನೆ ಕೊಡಬೇಕು. ಕೇಳಲು ಸುಲಭವೇ ಸರಿ. ಆದರೆ ಕಚೇರಿಯ ಯಂತ್ರಗಳ ಕಪಾಟುಗಳಿಗೆಲ್ಲ ಬಿಟ್‌ಲಾಕರ್ ಎಂಬ ಗುಪ್ತಲಿಪಿಯ ಬೀಗ ಹಾಕಿರುವುದು ವಾಡಿಕೆ. ಅದನ್ನು ತೆರೆಯಲು 48 ಅಂಕೆಗಳ ಕೀಲಿಸಂಖ್ಯೆ ಬೇಕು, ಅದೂ ಒಂದೊಂದು ಯಂತ್ರಕ್ಕೆ ಒಂದೊಂದು ಬೇರೆ. ಈ ಸಂಖ್ಯೆಗಳ ಪಟ್ಟಿಯನ್ನಿಟ್ಟಿದ್ದ ಯಂತ್ರವೇ ಕೆಲವು ಕಡೆ ಕೆಟ್ಟುನಿಂತಿತ್ತು. ತಿಜೋರಿಯ ಬೀಗದಕೈಯನ್ನು ತಿಜೋರಿಯೊಳಗೇ ಇಟ್ಟು ಬಾಗಿಲೆಳೆದುಕೊಂಡ ಹಾಗೆ. ಅಮೆರಿಕದ ಡೆಲ್ಟಾ ವಿಮಾನ ಸಂಸ್ಥೆಯು 40,000 ಸರ್ವರ್ ಯಂತ್ರಗಳನ್ನು ಕೈಯಿಂದಲೇ ಮುಟ್ಟಿ ಸರಿಪಡಿಸಬೇಕಾಯಿತೆಂದು ಅದರ ಮುಖ್ಯಾಧಿಕಾರಿ ತಿಳಿಸಿದರು. ಐದು ದಿನಗಳಲ್ಲಿ ಅದರ ಸುಮಾರು 7,000 ಹಾರಾಟಗಳು ರದ್ದಾದವು. ಆಕಾಶದಲ್ಲಿ ಹಾರುವ ಸಂಸ್ಥೆಯ ಭವಿಷ್ಯವು ಕೆಲವು ಸಾವಿರ ಜನರ ಬೆರಳತುದಿಗಳ ಮೇಲೆ ನಿಂತದ್ದನ್ನು ಲೋಕವು ಅಂದು ಕಂಡಿತು.

ಮೈಕ್ರೋಸಾಫ್ಟ್ ಸುಮ್ಮನೆ ಕುಳಿತಿರಲಿಲ್ಲವೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಕಾವಲು ಸಂಸ್ಥೆಗಳನ್ನೆಲ್ಲ ಅದು ಆ ಸೆಪ್ಟೆಂಬರಿನಲ್ಲಿ ರೆಡ್‌ಮಂಡಿನ ತನ್ನ ಕೇಂದ್ರಸ್ಥಾನಕ್ಕೆ ಕರೆಸಿ ಸಭೆ ನಡೆಸಿತು. ನವೆಂಬರಿನಲ್ಲಿ ಚೇತರಿಕೆಯ ಹೊಸ ಯೋಜನೆಯನ್ನು ಪ್ರಕಟಿಸಿತು. ಇದರ ಮುಖ್ಯ ಭಾಗವು 2025ರಲ್ಲಿ ವಿಂಡೋಸ್ 11ರ ಬಳಕೆದಾರರ ಕೈಸೇರಿತು. ಯಂತ್ರವು ಮತ್ತೆ ಮತ್ತೆ ಏಳಲು ಯತ್ನಿಸಿ ಸೋತರೆ, ಒಳಗೆ ಬೇರೆಯಾಗಿ ಕಾದಿರಿಸಿದ ಒಂದು ಪುಟ್ಟ ವ್ಯವಸ್ಥೆ ಎಚ್ಚರಗೊಂಡು, ಇಂಟರ್‌ನೆಟ್ ಮುಖಾಂತರ ಮೈಕ್ರೋಸಾಫ್ಟನ್ನು ಸಂಪರ್ಕಿಸಿ, ಮದ್ದನ್ನು ತಾನೇ ತಂದು ಹಾಕಿಕೊಳ್ಳುತ್ತದೆ. ಮನೆಬಳಕೆಯ ಯಂತ್ರಗಳಲ್ಲಿ ಇದು ತಾನಾಗಿಯೇ ಜಾರಿಗೆ ಬರುವಂತೆಯೂ, ದೊಡ್ಡ ಕಚೇರಿಗಳಲ್ಲಿ ಮೇಲ್ವಿಚಾರಕರ ಇಚ್ಛೆಗೆ ಒಳಪಟ್ಟಿರುವಂತೆಯೂ ಏರ್ಪಡಿಸಲಾಯಿತು. ಕಾವಲುಗಾರರನ್ನು ಒಳಮನೆಯಿಂದ ಹೊರತರುವ ಪ್ರಯೋಗವೂ ಅದೇ ವರ್ಷ ಕೆಲವು ಸಂಸ್ಥೆಗಳೊಡನೆ ಆರಂಭವಾಯಿತು. ನೀಲಿ ಪರದೆಯ ಬಣ್ಣವನ್ನು ಕಪ್ಪಿಗೆ ಬದಲಾಯಿಸಿದ ಸುದ್ದಿಗೆ ಪತ್ರಿಕೆಗಳು ಕೊಟ್ಟ ಪ್ರಾಶಸ್ತ್ಯವನ್ನು ಈ ಎರಡು ಸುಧಾರಣೆಗಳಿಗೆ ಕೊಡಲಿಲ್ಲ. ಅದು ಬೇರೆ ಮಾತು.

ಹೊಸದನ್ನು ಹಾಕಿ ಕೆಟ್ಟರೆ ಹಳೆಯದಕ್ಕೆ ಮರಳುವ ಉಪಾಯವಂತೂ ನಮ್ಮ ಜೇಬಿನೊಳಗೇ ಇದೆ. ಆ್ಯಂಡ್ರಾಯ್ಡ್ ದೂರವಾಣಿಗಳಲ್ಲಿ 2016ರಿಂದ ಬಂದ ಏರ್ಪಾಡಿನಂತೆ ಎರಡು ಕೋಣೆಗಳಿರುತ್ತವೆ. ಹಳೆಯ ವ್ಯವಸ್ಥೆ ಒಂದರಲ್ಲಿ ಕೆಲಸ ಮಾಡುತ್ತಿರುವಂತೆಯೇ ಹೊಸತನ್ನು ಇನ್ನೊಂದರಲ್ಲಿ ಅಣಿಗೊಳಿಸಲಾಗುತ್ತದೆ. ಹೊಸತು ಏಳದಿದ್ದರೆ ದೂರವಾಣಿಯು ಹಳೆಯ ಕೋಣೆಗೇ ಹಿಂದಿರುಗುತ್ತದೆ. ಹೊಸ ಹಿಟ್ಟು ಹುದುಗಿ ಬರುವ ತನಕ ಹಳೆಯ ಹಿಟ್ಟಿನ ಪಾತ್ರೆಯನ್ನು ತೊಳೆಯಬಾರದೆಂಬುದು ಯಾವ ಭಟ್ಟರಿಗೂ ಹೇಳಿಕೊಡಬೇಕಾದ ಪಾಠವಲ್ಲ.

ಇಷ್ಟೆಲ್ಲ ಕೇಳಿದ ಮೇಲೆ, ಪರಿಷ್ಕರಣಗಳ ಗೊಡವೆಯೇ ಬೇಡ, ಇದ್ದದ್ದು ಇದ್ದಂತೆ ಇರಲಿ ಎನ್ನುವವರು ಹೊರಡುತ್ತಾರೆ. ಅವರು 2017ನೆಯ ಇಸವಿಯನ್ನು ನೆನಪಿಸಿಕೊಳ್ಳಬೇಕು. ಆ ವರ್ಷ ವಿಂಡೋಸಿನ ಒಂದು ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದು ತೇಪೆಯನ್ನು ಬಿಡುಗಡೆ ಮಾಡಿತು. ಮೇ 12ರಂದು ಅದೇ ಬಿರುಕಿನ ಮೂಲಕ ವಾನಾಕ್ರೈ ಎಂಬ ಪಿಡುಗು ನುಗ್ಗಿ, ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಯಂತ್ರಗಳ ದಾಖಲೆಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಎರಡು ತಿಂಗಳ ಕಾಲ ತೇಪೆಯು ಕೈಗೆಟಕುವಲ್ಲಿ ಬಿದ್ದಿತ್ತು, ಹಚ್ಚುವವರಿರಲಿಲ್ಲ. ಆದುದರಿಂದ ಆರೈಕೆ ಮಾಡಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ಆರೈಕೆಗೆ ಆಳು, ವೇಳೆ, ಹಣಗಳನ್ನು ಮೊದಲೇ ತೆಗೆದಿಡಲಾಗಿದೆಯೇ ಎಂಬುದೇ ಪ್ರಶ್ನೆ.

ಭಾರತದಲ್ಲಿ ಅಂದು ಪೆಟ್ಟು ಹಗುರವಾಗಿತ್ತು. ಹತ್ತು ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳಲ್ಲಿ ಮಾತ್ರ ಸಣ್ಣಪುಟ್ಟ ಅಡಚಣೆಯಾಯಿತೆಂದು ರಿಸರ್ವ್ ಬ್ಯಾಂಕು ಹೇಳಿತು. ಸರಕಾರಿ ಜಾಲಕ್ಕೆ ಧಕ್ಕೆಯಿಲ್ಲವೆಂದು ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ತಿಳಿಸಿದರು. ನಾವು ಬೀಗಬೇಕಾಗಿಲ್ಲ. ನಮ್ಮಲ್ಲಿ ಹೆಚ್ಚಿನವರು ಆ ಕಾವಲು ತಂತ್ರಾಂಶದ ಗಿರಾಕಿಗಳಾಗಿರಲಿಲ್ಲ, ಅಷ್ಟೇ. ಸರಿಯಾಗಿ ಹನ್ನೆರಡು ದಿನಗಳ ತರುವಾಯ, ಜುಲೈ 31ರಂದು, ಸಣ್ಣ ಬ್ಯಾಂಕುಗಳಿಗೆ ಗಣಕಸೇವೆ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ಮೇಲೆ ಸುಲಿಗೆಕೋರರ ದಾಳಿಯಾಗಿ, ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳನ್ನು ಹಣಪಾವತಿಯ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ಕಾರಣ ಬೇರೆ, ಆದರೆ ಕೌಂಟರಿನ ಹಿಂದೆ ನಿಂತ ಗುಮಾಸ್ತನ ಪಾಡು ಎರಡು ಸಂದರ್ಭಗಳಲ್ಲಿಯೂ ಒಂದೇ.

ಆ ಪಾಡನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಯಂತ್ರವು ಆಸ್ಟಿನ್ ನಗರದಲ್ಲಿ ಆದ ತಪ್ಪಿನಿಂದ ನಿಂತಿರಲಿ, ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರಿನಿಂದ ನಿಂತಿರಲಿ, ಬೈಗುಳ ಬೀಳುವುದು ಎದುರಿಗೆ ಕಾಣುವವನ ಮೇಲೆ. ಪರಿಚಿತರೊಬ್ಬರು ದುಡಿಯುವ ಒಂದು ಪತ್ತಿನ ಸಂಘದ ಯಂತ್ರ ಹಿಂದೊಮ್ಮೆ ಹೀಗೆಯೇ ಬಿದ್ದಾಗ, ಕೀಲಿಸಂಖ್ಯೆಯನ್ನು ಬಲ್ಲ ತಂತ್ರಜ್ಞ ಕೆಲಸ ಬಿಟ್ಟು ಎರಡು ವರ್ಷಗಳಾಗಿದ್ದವು. ನಮ್ಮ ಪರಿಚಿತರು ಹಳೆಯ ಲೆಡ್ಜರಿನ ರೂಢಿ ಮರೆಯದವರಾದ್ದರಿಂದ ಮೂರು ದಿನಗಳ ಜಮಾ-ಖರ್ಚನ್ನು ಕಾಗದದ ಮೇಲೆ ನಡೆಸಿಕೊಂಡು ಹೋದರು. ನಾಲ್ಕನೆಯ ದಿನ ಅದಷ್ಟನ್ನೂ ಯಂತ್ರಕ್ಕೆ ಏರಿಸಲು ರಾತ್ರಿ ಹನ್ನೊಂದರ ತನಕ ಕುಳಿತರು. ಆ ಹೊತ್ತಿನ ಸಂಬಳವನ್ನು ಯಾರೂ ಲೆಕ್ಕ ಹಾಕಲಿಲ್ಲ.

ಡೆಲ್ಟಾದಂಥ ಸಂಸ್ಥೆಗೆ ನ್ಯಾಯಾಲಯವಿದೆ. ತನಗಾದ ನಷ್ಟ 50 ಕೋಟಿ ಡಾಲರೆಂದು ಅದು 2024ರ ಅಕ್ಟೋಬರಿನಲ್ಲಿ ಕ್ರೌಡ್‌ಸ್ಟ್ರೈಕಿನ ಮೇಲೆ ದಾವೆ ಹೂಡಿತು. ಒಪ್ಪಂದದ ಪ್ರಕಾರ ತನ್ನ ಹೊಣೆ ಒಂದು ಕೋಟಿ ಡಾಲರನ್ನೂ ಮುಟ್ಟುವುದಿಲ್ಲವೆಂಬುದು ಪ್ರತಿವಾದಿಯ ನಿಲುವಾಗಿತ್ತು. ದಾವೆಯ ಹೆಚ್ಚಿನ ಅಂಶಗಳು ವಿಚಾರಣೆಗೆ ಯೋಗ್ಯವೆಂದು ಜಾರ್ಜಿಯಾದ ನ್ಯಾಯಾಧೀಶರು 2025ರ ಮೇ ತಿಂಗಳಲ್ಲಿ ತೀರ್ಪಿತ್ತರು. ಯಂತ್ರ ಕೊಂಡಾಗ ‘ಒಪ್ಪಿಗೆ’ ಎಂಬ ಗುಂಡಿಯನ್ನೊತ್ತಿದ ಸಣ್ಣ ವರ್ತಕನು ಯಾವ ನ್ಯಾಯಾಲಯಕ್ಕೆ ಹೋಗಬೇಕು?

ಕೊನೆಯದಾಗಿ ನಮ್ಮ ಗಲ್ಲಾಗಳ ಕಡೆಗೆ ನೋಡೋಣ. 2015ರಲ್ಲಿ ಬಂದ ವಿಂಡೋಸ್ 10ರ ಉಚಿತ ಆರೈಕೆಯನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಸ್ವಂತ ಬಳಕೆಯವರಿಗೆ, ಹೆಸರು ನೋಂದಾಯಿಸಿದರೆ, 2026ರ ಅಕ್ಟೋಬರ್ 13ರ ವರೆಗಿನ ವಿಸ್ತರಣೆಯನ್ನು ಘೋಷಿಸಿತು. ಹಳೆಯ ಯಂತ್ರಗಳ ಪೈಕಿ ಅನೇಕವು ವಿಂಡೋಸ್ 11 ಕೇಳುವ ರಕ್ಷಣಾ ಚಿಪ್ಪನ್ನು ಹೊಂದಿಲ್ಲ. ‘ಬಿಲ್ಲು ಸರಿಯಾಗಿ ಬರುತ್ತಿದೆಯಲ್ಲ, ಇನ್ನೇನು ಬೇಕು?’ ಎನ್ನುವ ಧಣಿಗಳಿಗೆ, ಗಲ್ಲಾದಲ್ಲಿ ಕೂಡುವವರು ಒಂದೆರಡು ಮಾತು ಕೇಳುವುದು ತಪ್ಪಾಗದು. ಈ ಯಂತ್ರಕ್ಕೆ ತೇಪೆ ಬರುವುದು ನಿಂತಿದೆಯೇ? ಲೆಕ್ಕದ ಪ್ರತಿಯೊಂದು ಬೇರೆ ಕಡೆ ಇದೆಯೇ, ಅದನ್ನು ಹಿಂದಕ್ಕೆ ತಂದು ನೋಡಿದವರುಂಟೇ? ಆ ನಲ್ವತ್ತೆಂಟು ಅಂಕೆಗಳನ್ನು ಕಾಗದದ ಮೇಲೆ ಬರೆದು ಎಲ್ಲಿಟ್ಟಿದ್ದೀರಿ, ಧಣಿಗಳು ಊರಿಗೆ ಹೋಗಿರುವಾಗ ಅದು ಯಾರ ಕೈಯಲ್ಲಿರುತ್ತದೆ?