ಪ್ರಾಣಿಪ್ರಪಂಚ: ಮೊಂಡುಬಾಲದ ಬೆಕ್ಕು

ಬೆಕ್ಕನ್ನರಿಯದ ಮನೆಯಿಲ್ಲ. ಆದರೆ ಒಲೆಯ ಮಗ್ಗುಲಲ್ಲಿ ಬೆಚ್ಚಗೆ ಮಲಗುವ ಈ ಸಾಧುಪ್ರಾಣಿಯ ಬಂಧುಗಳು ಕಾಡಿನಲ್ಲಿ ಹೇಗೆ ಬಾಳುವುವೆಂಬುದನ್ನು ಕಣ್ಣಾರೆ ಕಂಡವರು ಬಹು ವಿರಳ. ಅಂತಹ ಬಂಧುಗಳಲ್ಲೊಂದಾದ ಬಾಬ್‌ಕ್ಯಾಟ್ ಎಂಬುದರ ವಿಷಯವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ. ಇದು ಉತ್ತರ ಅಮೇರಿಕಾ ಖಂಡದಲ್ಲಿ ಕೆನಡಾ ದೇಶದ ದಕ್ಷಿಣ ಭಾಗದಿಂದ ಮೆಕ್ಸಿಕೋವರೆಗೂ ಹರಡಿಕೊಂಡಿರುವ ಕಾಡುಬೆಕ್ಕು. ಬಾಬ್ ಎಂದರೆ ಮೊಟಕಾದುದು. ಬಾಲವು ಒಂದು ಗೇಣಿಗೂ ಕಡಿಮೆಯಿರುವುದರಿಂದ ಈ ಹೆಸರು ಬಂದಿತು. ಮಕ್ಕಳು ಮೊಮ್ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿ ನೆಲಸಿರುವ ಕನ್ನಡ ಮನೆತನಗಳು ಈಗ ಅನೇಕವಿರುವುವು. ಅವರನ್ನು ನೋಡಲೆಂದು ಹೋಗಿ ಕೆಲವು ಕಾಲ ತಂಗುವ ಹಿರಿಯರಿಗೆ ಈ ಪ್ರಾಣಿಯನ್ನು ಕಾಣುವ ಅವಕಾಶವುಂಟು.

ಇದು ಮನೆಯ ಬೆಕ್ಕಿನ ಎರಡರಷ್ಟು ದೊಡ್ಡದೆಂದು ತಿಳಿಯಬಹುದು. ಮೈಬಣ್ಣವು ಕಂದು ಅಥವಾ ಬೂದು. ಅದರ ಮೇಲೆ ಮಾಸಲು ಮಚ್ಚೆಗಳು. ಕೆನ್ನೆಗಳ ಇಕ್ಕೆಲದಲ್ಲಿಯೂ ರೋಮವು ಗಡ್ಡದಂತೆ ಇಳಿಬಿದ್ದಿರುವುದು. ಕಿವಿಯ ಹಿಂಭಾಗವು ಕಪ್ಪು, ಅದರ ನಡುವೆ ಬಿಳಿಯ ಬೊಟ್ಟು. ಬಾಲದ ತುದಿಯು ಮೇಲೆ ಕಪ್ಪು, ಕೆಳಗೆ ಬಿಳುಪು. ಕಂಡ ಪ್ರಾಣಿಗೆ ಉದ್ದವಾದ ಬಾಲವಿದ್ದರೆ ಅದು ಬಾಬ್‌ಕ್ಯಾಟ್ ಅಲ್ಲ, ಅದೇ ಸೀಮೆಯ ಪೂಮಾ ಎಂಬ ದೊಡ್ಡ ಪ್ರಾಣಿಯಾಗಿರಬಹುದು. ಅದಕ್ಕೆ ದೂರದಿಂದಲೇ ನಮಸ್ಕಾರ ಹೇಳತಕ್ಕುದು.

ಇನ್ನು ಇದನ್ನು ಹುಡುಕುವ ಬಗೆ. ಬೆಕ್ಕನ್ನು ಕಾಣಬೇಕೆನ್ನುವವನು ಮೊದಲು ಅದರ ಆಹಾರವನ್ನು ಹುಡುಕಬೇಕು. ಮೊಲ, ಇಲಿ, ಅಳಿಲು ಇವೇ ಮುಂತಾದುವು ಇದರ ಮುಖ್ಯಾಹಾರ. ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಸುಮಾರು 30 ಮೈಲಿ ಉತ್ತರಕ್ಕೆ, ಸಮುದ್ರತೀರದಲ್ಲಿ, ಪಾಯಿಂಟ್ ರೇಯಸ್ ಎಂಬ ರಕ್ಷಿತ ಪ್ರದೇಶವಿದೆ. ಇದು 1962 ರಲ್ಲಿ ಸ್ಥಾಪಿತವಾಯಿತು. ಅಲ್ಲಿನ ಹುಲ್ಲುಗಾವಲುಗಳಲ್ಲಿ ಗೋಫರ್ ಎಂಬ ಪ್ರಾಣಿಯು ನಮ್ಮ ಹೆಗ್ಗಣದಂತೆ ನೆಲದೊಳಗೆ ಸುರಂಗ ತೋಡಿ, ಮಣ್ಣನ್ನು ಹೊರಕ್ಕೆ ಗುಡ್ಡೆಹಾಕುವುದು. ಹೊಸ ಮಣ್ಣಿನ ಗುಡ್ಡೆಗಳು ಎಲ್ಲಿ ಹೆಚ್ಚೋ, ಪಕ್ಕದಲ್ಲಿ ಅಡಗಲು ಪೊದೆಗಳು ಎಲ್ಲಿವೆಯೋ, ಅಲ್ಲಿ ಕಣ್ಣಿಡಬೇಕು. ಮುಂಜಾವ ಮತ್ತು ಸಂಜೆ ತಕ್ಕ ಹೊತ್ತು. ಈ ಸ್ಥಳದಲ್ಲಿ ಹಗಲಿನಲ್ಲಿಯೂ ಕಾಣಸಿಗುವುದುಂಟು. ಹಾದಿಯ ಕೆಸರಿನಲ್ಲಿ ಹೆಜ್ಜೆಗುರುತು ಕಂಡರೆ ಪರೀಕ್ಷಿಸಬೇಕು: ಸುಮಾರು ಎರಡು ಅಂಗುಲದ ದುಂಡನೆಯ ಗುರುತು, ಬೆಕ್ಕು ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುವುದರಿಂದ ಉಗುರಿನ ಗೆರೆ ಸಾಮಾನ್ಯವಾಗಿ ಮೂಡದು. ನಾಯಿಯ ಹೆಜ್ಜೆಯಲ್ಲಾದರೋ ಅದು ಮೂಡುವುದು.

ಪ್ರಾಣಿಯು ಕಣ್ಣಿಗೆ ಬಿದ್ದ ಮೇಲೆ ಮಾಡಬೇಕಾದುದು ಒಂದೇ: ನಿಂತಲ್ಲಿ ನಿಲ್ಲುವುದು. ಅದು ಬಿಲದ ಬಾಯಿಯ ಮುಂದೆ ಬಹಳ ಹೊತ್ತು ಅಲುಗಾಡದೆ ಕುಳಿತಿರುವುದು. ಮಣ್ಣು ಮಿಸುಕಿತೆಂದರೆ ಕಿವಿಗಳು ಮುಂದಕ್ಕೆ ತಿರುಗುವುವು, ಹಿಂಗಾಲುಗಳು ಮೈಯ ಕೆಳಗೆ ಸೇರುವುವು. ಬಳಿಕ ಕಮಾನಿನಂತೆ ಮೇಲಕ್ಕೆ ನೆಗೆದು ಮುಂಗಾಲುಗಳಿಂದ ಅದುಮುವುದು. ದೂರದರ್ಶಕವಿದ್ದರೆ ಇದೆಲ್ಲವನ್ನೂ ದೂರದಿಂದಲೇ ನೋಡಬಹುದು. ಬೇಟೆಯನ್ನು ಬಿಟ್ಟು ಅದು ನಿಮ್ಮನ್ನೇ ನೋಡತೊಡಗಿದರೆ ನೀವು ಅತಿಯಾಗಿ ಸಮೀಪಿಸಿದಿರೆಂದು ಅರ್ಥ. ಆಗ ಮೆಲ್ಲನೆ ಹಿಂದೆ ಸರಿಯುವುದೇ ಸೌಜನ್ಯ. ತಿಂಡಿಯೊಡ್ಡಿ ಕರೆಯುವುದು, ಬೆನ್ನಟ್ಟಿ ಹೋಗುವುದು, ಮರಿಗಳಿರುವ ಬಂಡೆಯ ಸಂದಿಯನ್ನು ಇಣಿಕುವುದು, ಇವು ಸರ್ವಥಾ ಕೂಡದು.

ಬೆಕ್ಕನ್ನು ಕಾಣುವ ದಾರಿಯು ಇಲಿಯ ಬಿಲದಿಂದ ಹೊರಡುವುದೆಂದೆವಷ್ಟೆ. ಅದರ ಸಾವಿಗೂ ಅದೇ ದಾರಿಯಾಗಿರುವುದು ಶೋಚನೀಯ. ರಕ್ತವು ಹೆಪ್ಪುಗಟ್ಟದಂತೆ ಮಾಡಿ ಕೊಲ್ಲುವ ಇಲಿಪಾಷಾಣಗಳುಂಟು. ಅದನ್ನು ತಿಂದ ಇಲಿಯು ಕೂಡಲೆ ಸಾಯದೆ ಕೆಲವು ದಿನ ಜಡವಾಗಿ ಅಲೆಯುವುದು. ಹಸಿದ ಬೆಕ್ಕಿಗೆ ಅದಕ್ಕಿಂತ ಸುಲಭವಾದ ತುತ್ತು ಯಾವುದು? ಹೀಗೆ ತುತ್ತು ತುತ್ತಾಗಿ ವಿಷವು ಬೆಕ್ಕಿನ ಪಿತ್ತಕೋಶದ ನೆರೆಯ ಯಕೃತ್ತಿನಲ್ಲಿ ನೆಲೆಗೊಳ್ಳುವುದು. ಲಾಸ್ ಏಂಜಲೀಸ್ ನಗರದ ಬಳಿಯ ಸಾಂಟಾ ಮೋನಿಕಾ ಬೆಟ್ಟಗಳಲ್ಲಿ 2002 ರಿಂದ ಈಚೆಗೆ ಬಾಬ್‌ಕ್ಯಾಟುಗಳು ಕಜ್ಜಿರೋಗದಿಂದ ಬಡಕಲಾಗಿ ಸಾಯತೊಡಗಿದುವು. ಸತ್ತವುಗಳನ್ನು ಪರೀಕ್ಷಿಸಲಾಗಿ ಅವುಗಳ ದೇಹದಲ್ಲಿ ಇಲಿಪಾಷಾಣವು ಕಂಡುಬಂದಿತು. ವಿಷವು ರೋಗವನ್ನೆದುರಿಸುವ ಶಕ್ತಿಯನ್ನು ಕೆಡಿಸುವುದೆಂಬುದಕ್ಕೆ ಸಂಶೋಧಕರಿಗೆ ಕುರುಹುಗಳು ದೊರೆತುವು. ಕ್ಯಾಲಿಫೋರ್ನಿಯಾ ಸರಕಾರವು 2015 ರಲ್ಲಿ ಬಾಬ್‌ಕ್ಯಾಟುಗಳನ್ನು ಬೋನಿಟ್ಟು ಹಿಡಿಯುವುದನ್ನು ನಿಷೇಧಿಸಿತು. 2021 ರ ಜನವರಿಯಿಂದ ಅತಿಪ್ರಬಲವಾದ ಇಲಿಪಾಷಾಣಗಳ ಬಳಕೆಯನ್ನು ಬಹುಮಟ್ಟಿಗೆ ನಿರ್ಬಂಧಿಸಿತು. ಬೇಟೆಗಾರನ ಬೋನನ್ನು ತಡೆಯುವುದು ಸುಲಭ. ಗೃಹಸ್ಥನ ಉಗ್ರಾಣದ ಮೂಲೆಯಲ್ಲಿಟ್ಟ ವಿಷದ ಗುಳಿಗೆಯನ್ನು ತಡೆಯುವುದು ಕಷ್ಟ.

ಇದು ಅಮೇರಿಕೆಯ ಮಾತು, ನಮಗೇಕೆಂದು ಯಾರೂ ಎಣಿಸಬಾರದು. ನಮ್ಮ ಕಬ್ಬಿನ ಗದ್ದೆ, ಹೊಲದ ಬದುಗಳಲ್ಲಿ ತಿರುಗುವ ಕಾಡುಬೆಕ್ಕು, ಗೂಬೆ, ಕೇರೆಹಾವು ಇವೆಲ್ಲವೂ ಇಲಿಗಳನ್ನೇ ತಿಂದು ಬಾಳುವುವು. ಸಂಬಳವಿಲ್ಲದೆ ನಮ್ಮ ಕಣಜವನ್ನು ಕಾಯುವುವು. ಆದುದರಿಂದ ಧಾನ್ಯವನ್ನು ಬಿಗಿಯಾದ ಮುಚ್ಚಳದ ಡಬ್ಬಗಳಲ್ಲಿಡುವುದು, ಗೋಡೆಯ ಬಿಲಗಳನ್ನು ಮುಚ್ಚಿಸುವುದು, ಎಂಜಲನ್ನು ರಾತ್ರಿ ಹೊರಗೆ ಬಿಡದಿರುವುದು, ಇಲಿಬೋನನ್ನು ಉಪಯೋಗಿಸುವುದು, ಇವು ಮೊದಲ ಉಪಾಯಗಳಾಗಲಿ. ವಿಷವನ್ನು ಕೊಳ್ಳುವ ಮೊದಲು, ಸತ್ತ ಇಲಿಯು ಯಾರ ಬಾಯಿಗೆ ಬೀಳುವುದೆಂಬುದನ್ನು ಗೃಹಿಣಿಯರೂ ಗೃಹಸ್ಥರೂ ಒಂದು ಕ್ಷಣ ಆಲೋಚಿಸಿದರೆ, ಅಂಗಳದಲ್ಲಿ ಆಡುವ ಮನೆಯ ಬೆಕ್ಕಿಗೂ ಅದೇ ರಕ್ಷೆಯಾಗುವುದು.