ಕಿವಿಗೂ ಪಾಠವು ಬೇಕು



ಶಾಲೆಯ ವೇಳೆಯು ಮುಗಿದ ಬಳಿಕ ನಮ್ಮ ಕೆಲವು ಹುಡುಗಿಯರು ಫ್ರೆಂಚ್ ಭಾಷೆಯನ್ನು ಕಲಿಯುತ್ತಿರುವುದನ್ನು ತಾವು ಬಲ್ಲಿರಿ. ಅವರು ಕೂಡ್ರುವ ಪ್ರಥಮ ಪರೀಕ್ಷೆಗೆ ದೆಲ್ಫ್ ಎ-1 ಎಂದು ಹೆಸರು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂಬ ನಾಲ್ಕು ಭಾಗಗಳಿಗೆ ತಲಾ 25 ಅಂಕಗಳು. ಒಟ್ಟು 100ರಲ್ಲಿ 50 ಬಂದರೆ ತೇರ್ಗಡೆ. ಆದರೆ ಯಾವ ಭಾಗದಲ್ಲಿಯೂ 5ಕ್ಕೆ ಕಡಿಮೆಯಾಗಕೂಡದು.

ನಮ್ಮ ಹುಡುಗಿಯೊಬ್ಬಳು ಬರವಣಿಗೆಯಲ್ಲಿ ಉತ್ತಮ ಅಂಕಗಳನ್ನು ಪಡೆದೂ ಕೇಳುವ ಭಾಗದಲ್ಲಿ 4 ಮಾತ್ರ ಪಡೆದು ಅನುತ್ತೀರ್ಣಳಾದಳು. ಮಗಳು ಸರಿಯಾಗಿ ಓದಲಿಲ್ಲವೆಂದು ಅವಳ ತಂದೆಯವರು ನೊಂದುಕೊಂಡರು. ನಮ್ಮ ಅಭಿಪ್ರಾಯವು ಬೇರೆ. ಅವಳು ಓದಿದ್ದಳು; ಓದಿದ್ದೇ ಹೆಚ್ಚಾಯಿತು. ನಾವು ಕರಿಹಲಗೆಯ ಮೇಲೆ ಶಬ್ದಗಳನ್ನು ಬರೆದು, ಕೆಳಗೆ ಕನ್ನಡ ಅಕ್ಷರಗಳನ್ನು ಸೇರಿಸಿ, ಕಣ್ಣಿನಿಂದಲೇ ಭಾಷೆಯನ್ನು ಕಲಿಸಿದೆವು. ತಪ್ಪು ನಮ್ಮದು.

ಫ್ರೆಂಚಿನಲ್ಲಿ ಬರೆದ ಅಕ್ಷರಗಳೆಲ್ಲವೂ ನುಡಿಯುವುದಿಲ್ಲ. ಶಬ್ದಗಳು ಕೂಡಿದಾಗ ಧ್ವನಿಯು ಮಾರ್ಪಡುವುದು. ಇದು ಕನ್ನಡ ವ್ಯಾಕರಣವನ್ನು ಕಲಿತವರಿಗೆ ಹೊಸತಲ್ಲ. ‘ಊರು’ ‘ಅಲ್ಲಿ’ ಕೂಡಿ ‘ಊರಲ್ಲಿ’ ಆಗುವಂತೆ, ‘ಲಾ’ ‘ಎಕೊಲ್’ ಕೂಡಿ, ಶಾಲೆ ಎಂಬರ್ಥದ ‘ಲೆಕೊಲ್’ ಆಗುವುದು. ‘ಮನೆಯನ್ನು’ ಎಂಬಲ್ಲಿ ಯಕಾರವು ಬರುವಂತೆ, ಸ್ನೇಹಿತರು ಎಂಬರ್ಥದ ‘ಲೆ’ ‘ಅಮಿ’ಗಳ ನಡುವೆ ಜಕಾರವು ಕೇಳಿ ‘ಲೆಜಮಿ’ ಎನಿಸುವುದು. ‘ಮಳೆಗಾಲ’ದಲ್ಲಿ ಕಕಾರವು ಗಕಾರವಾಗುವಂತೆ, ಒಂಬತ್ತು ಗಂಟೆ ಎಂಬ ‘ನೆಫ್’ ‘ಎರ್’ಗಳು ‘ನೆವೆರ್’ ಆಗುವುವು. ಲೋಪ, ಆಗಮ, ಆದೇಶಗಳನ್ನು ಬಲ್ಲ ಹುಡುಗಿಗೆ ಇದನ್ನು ಮೊದಲೇ ತಿಳಿಸಿದ್ದರೆ ಪರೀಕ್ಷೆಯ ಕೋಣೆಯಲ್ಲಿ ಅವಳು ದಿಗಿಲುಗೊಳ್ಳುತ್ತಿರಲಿಲ್ಲ.

ಅವರ್ಸಾದ ಮಕ್ಕಳಿಗೆ ಇನ್ನೊಂದು ಅನುಕೂಲವೂ ಉಂಟು. ಮನೆಯಲ್ಲಿ ಕೊಂಕಣಿಯನ್ನಾಡುವವರು ‘ಹಾಂವ್’ ಎನ್ನುವಾಗ ಸ್ವರವನ್ನು ಮೂಗಿನಿಂದ ನುಡಿಯುವರು. ಫ್ರೆಂಚಿನಲ್ಲಿ ರೊಟ್ಟಿಯು ‘ಪ್ಯಾಂ’, ಸೇತುವೆಯು ‘ಪೋಂ’. ಇಂಥ ಮೂಗುಸ್ವರಗಳ ಭೇದವನ್ನರಿಯಲು ಆ ಕಿವಿಯು ಅರ್ಧ ಸಿದ್ಧವಾಗಿರುವುದು. ಪೋರ್ತುಗೀಜಿನಿಂದ ಬಂದ ನಮ್ಮ ‘ಪಾವ್’ ಈ ‘ಪ್ಯಾಂ’ಗೆ ಸೋದರ ಶಬ್ದವೇ. ಮನೆಮಾತನ್ನು ಹಿಂದುಳಿದವರ ಮಾತೆಂದು ಬಿಡಿಸುವ ಪಾಲಕರು ಇದನ್ನು ಯೋಚಿಸಬೇಕು.

ಹೆಚ್ಚಿನ ತೊಡಕು ಸಂಖ್ಯೆಗಳಲ್ಲಿರುವುದು. ಫ್ರಾನ್ಸಿನವರು 75ನ್ನು ಅರವತ್ತು-ಹದಿನೈದು ಎಂದೂ, 80ನ್ನು ನಾಲ್ಕು-ಇಪ್ಪತ್ತು ಎಂದೂ ಹೇಳುವರು. ಹತ್ತು ಅಂಕೆಗಳ ದೂರವಾಣಿ ಸಂಖ್ಯೆಯನ್ನು ಎರಡೆರಡಾಗಿ ನುಡಿಯುವರು. ಅರವತ್ತು ಎಂದು ಕೇಳಿದೊಡನೆ 6 ಬರೆದ ಹುಡುಗಿಯು, ಹಿಂದೆಯೇ ಹದಿನೈದು ಬಂದಾಗ ಗಲಿಬಿಲಿಗೊಂಡು ಮುಂದಿನದನ್ನೂ ಕಳೆದುಕೊಳ್ಳುವಳು. ಇದಕ್ಕೆ ಪ್ರತಿದಿನದ ಅಭ್ಯಾಸವೊಂದೇ ಉಪಾಯ.

ಪರೀಕ್ಷೆಯಲ್ಲಿ ನಿಲ್ದಾಣದ ಘೋಷಣೆ, ದೂರವಾಣಿಯ ಸಂದೇಶ, ಅಂಗಡಿಯ ಮಾತು ಮುಂತಾದುವುಗಳನ್ನು ಎರಡು ಸಲ ಕೇಳಿಸುವರು. ಅಂಕೋಲೆಯ ರೈಲು ನಿಲ್ದಾಣದಲ್ಲಿ ನಿಂತಾಗ ನಾವೇನು ಮಾಡುವೆವು? ಘೋಷಣೆಯ ಪ್ರತಿಯೊಂದು ಶಬ್ದವನ್ನೂ ಹಿಡಿಯುವುದಿಲ್ಲ. ನಮ್ಮ ಗಾಡಿ ಯಾವುದು, ಎಷ್ಟು ಗಂಟೆಗೆ, ಎಷ್ಟು ತಡ ಎಂಬುದಕ್ಕಾಗಿ ಕಾಯುವೆವು. ಇಲ್ಲಿಯೂ ಹಾಗೆಯೇ. ಮೊದಲು ಪ್ರಶ್ನೆಗಳನ್ನು ಓದತಕ್ಕದ್ದು. ಒಂದನೆಯ ಸಲ ವಿಷಯವನ್ನು ತಿಳಿದು, ಎರಡನೆಯ ಸಲ ಸಂಶಯವನ್ನು ನಿವಾರಿಸಿಕೊಳ್ಳತಕ್ಕದ್ದು. ತಿಳಿಯದ ಶಬ್ದದ ಬೆನ್ನು ಹತ್ತಕೂಡದು. ಅಭ್ಯಾಸದಲ್ಲಿ ಬರಹವನ್ನು ಕೊನೆಗೆ ನೋಡಬೇಕು.

ಪರೀಕ್ಷೆಯನ್ನು ನಿರ್ಮಿಸುವ ಫ್ರಾನ್ಸ್ ಎಜುಕಾಸಿಯೋಂ ಇಂಟರ್‌ನಾಸಿಯೊನಾಲ್ ಸಂಸ್ಥೆಯವರು ಮಾದರಿ ಪ್ರಶ್ನೆಗಳನ್ನೂ, ಟಿವಿ-5 ಮೊಂದ್ ವಾಹಿನಿಯವರು ಆರಂಭದ ಪಾಠಗಳನ್ನೂ ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿರುವರು. ದುಬಾರಿ ಗೈಡುಗಳು ಬೇಡ. ಬೇಕಾದುದು ದಿನಕ್ಕೆ ಕಾಲು ಗಂಟೆಯ ಶಾಂತಿ ಮತ್ತು ಮನೆಯ ಮೊಬೈಲ್ ಫೋನು. ಇಲ್ಲಿಯೇ ನಮ್ಮ ಬಿನ್ನಹವಿರುವುದು. ಅನೇಕ ಮನೆಗಳಲ್ಲಿ ಮಗನ ಕೈಯಲ್ಲಿ ಫೋನಿದ್ದರೆ ಪ್ರಶ್ನೆಯಿಲ್ಲ. ಮಗಳು ಕೇಳಿದರೆ ಸಂಶಯವು ಹುಟ್ಟುವುದು. ಸಂಶಯವಿದ್ದರೆ ತಾಯಿಯು ಪಕ್ಕದಲ್ಲಿ ಕುಳಿತು ತಾನೂ ಕೇಳಲಿ; ಆದರೆ ಆ ಕಾಲು ಗಂಟೆಯನ್ನು ಮಗಳಿಂದ ಕಸಿಯದಿರಲಿ. ಕೇಳುವ ಸಾಧನವನ್ನೇ ಕೊಡದೆ, ಕೇಳಲು ಬಾರದೆಂದು ಅವಳನ್ನು ದೂರುವುದು ನ್ಯಾಯವಲ್ಲ.

ಬಾಲಕನಾದ ಸಮುವೇಲನು ರಾತ್ರಿಯಲ್ಲಿ ತನ್ನನ್ನು ಕರೆದ ಧ್ವನಿಯನ್ನು ಮೂರು ಸಲ ಏಲಿಯದೆಂದೇ ತಿಳಿದು ಓಡಿ ಬಂದನು. ಏಲಿಯು ಹುಡುಗನನ್ನು ಗದರಿಸಲಿಲ್ಲ; ಹೇಗೆ ಕೇಳಬೇಕೆಂಬುದನ್ನು ಹೇಳಿಕೊಟ್ಟು ಮತ್ತೆ ಮಲಗಲು ಕಳುಹಿಸಿದನು. ಆ ಹುಡುಗಿಯು ಪುನಃ ಪರೀಕ್ಷೆಗೆ ಸಿದ್ಧಳಾಗುತ್ತಿರುವಳು. ಈ ಸಲ ನಾವು ಕರಿಹಲಗೆಯನ್ನು ಒರೆಸಿ, ಮೊದಲು ಅವಳ ಕಿವಿಗೆ ಪಾಠ ಹೇಳುತ್ತಿರುವೆವು. ಮನೆಯವರೂ ತಮ್ಮ ಪಾಲನ್ನು ಸಲ್ಲಿಸುವರೆಂದು ನಂಬಿರುವೆವು.